ಕಾರಿನ ಎ.ಬಿ.ಎಸ್. ಬ್ರೇಕ್ ವ್ಯವಸ್ಥೆ: ದೋಷಗಳನ್ನು ಕಂಡುಹಿಡಿಯುವ ಬಗೆ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡರು. ನಾನು ಸಾಹಿತಿಯಲ್ಲ. ಈ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮಂಗಳೂರಿನಲ್ಲಿ ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ, ಊರಿಗೆ ಮರಳಿ ಮೂರು ದಶಕಗಳಿಂದ ವಾಹನಗಳನ್ನು ದುರಸ್ತಿ ಮಾಡುತ್ತಿರುವವನು. ಆದುದರಿಂದ ನನಗೆ ತಿಳಿದ ವಿಷಯವೊಂದನ್ನೇ ಆರಿಸಿಕೊಂಡಿದ್ದೇನೆ. ಇಂದು ಹೊಸ ಕಾರುಗಳೆಲ್ಲದರಲ್ಲಿಯೂ ಇರುವ ಎ.ಬಿ.ಎಸ್. ಎಂಬ ಬ್ರೇಕ್ ವ್ಯವಸ್ಥೆಯಲ್ಲಿ ದೋಷ ಕಾಣಿಸಿಕೊಂಡಾಗ ಅದನ್ನು ಪತ್ತೆ ಮಾಡುವ ಕ್ರಮ ಯಾವುದು ಎಂಬುದೇ ಆ ವಿಷಯ.

ಇದಕ್ಕೂ ಶಾಲೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ನಮ್ಮ ವಿಜ್ಞಾನದ ಮಾಸ್ತರರು ಒಂದು ದಿನ ತಾಮ್ರದ ತಂತಿಯ ಸುರುಳಿಯೊಂದನ್ನು ಮೇಜಿನ ಮೇಲಿಟ್ಟು, ಅದರ ಎರಡು ತುದಿಗಳನ್ನು ಗ್ಯಾಲ್ವನೋಮೀಟರಿಗೆ ಜೋಡಿಸಿ, ಒಂದು ದಂಡಕಾಂತವನ್ನು ಸುರುಳಿಯೊಳಗೆ ತೂರಿಸಿದರು. ಮುಳ್ಳು ಒಂದು ಕಡೆಗೆ ಓಲಿತು. ಹೊರಗೆಳೆದಾಗ ಮತ್ತೊಂದು ಕಡೆಗೆ ಓಲಿತು. ಕಾಂತವನ್ನು ಅಲುಗಾಡಿಸದೆ ಇಟ್ಟಾಗ ಮುಳ್ಳು ಸುಮ್ಮನೆ ನಿಂತಿತು. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ಎಂದು ಅದನ್ನು ನಾವು ನೋಟು ಪುಸ್ತಕದಲ್ಲಿ ಬರೆದುಕೊಂಡೆವು. ಅನೇಕ ವರ್ಷಗಳ ಬಳಿಕ ಒಂದು ಕಾರಿನ ಗಾಲಿಯ ಪಕ್ಕದಿಂದ ಬೆರಳಿನಷ್ಟು ದಪ್ಪದ ಒಂದು ವಸ್ತುವನ್ನು ಬಿಚ್ಚಿ ಕೈಗೆತ್ತಿಕೊಂಡಾಗ, ಅದರೊಳಗಿರುವುದು ಅದೇ ಕಾಂತ, ಅದೇ ತಂತಿಯ ಸುರುಳಿ ಎಂಬುದನ್ನು ನಾನು ಅರಿತುಕೊಂಡೆ.

ಗಾಲಿ ಜಾರಬಾರದೇಕೆ?

ಓಡುತ್ತಿರುವ ಕಾರನ್ನು ನಿಲ್ಲಿಸುವುದು ಬ್ರೇಕ್ ಎಂದು ನಾವು ಹೇಳುತ್ತೇವೆ. ನಿಜವಾಗಿ ಬ್ರೇಕು ನಿಲ್ಲಿಸುವುದು ಗಾಲಿಯನ್ನು ಮಾತ್ರ. ಕಾರನ್ನು ನಿಲ್ಲಿಸುವುದು ಟಯರಿಗೂ ರಸ್ತೆಗೂ ನಡುವಣ ಘರ್ಷಣೆ. ಗಾಲಿಯು ಉರುಳುತ್ತಲೇ ಸ್ವಲ್ಪಮಟ್ಟಿಗೆ ಜಾರುತ್ತಿರುವಾಗ, ಎಂದರೆ ಜಾರುವಿಕೆಯು ಶೇಕಡಾ ಹತ್ತರಿಂದ ಮೂವತ್ತರ ನಡುವೆ ಇರುವಾಗ, ಈ ಹಿಡಿತವು ಅತ್ಯಧಿಕವಾಗಿರುತ್ತದೆ. ಗಾಲಿಯು ಪೂರ್ತಿಯಾಗಿ ಬಂಧಿತವಾಗಿ ಬರಿದೆ ಜಾರತೊಡಗಿದರೆ ಹಿಡಿತವು ಕಡಿಮೆಯಾಗುತ್ತದೆ. ಅದಕ್ಕಿಂತಲೂ ಅಪಾಯಕರವಾದ ಸಂಗತಿಯೆಂದರೆ, ಬಂಧಿತವಾದ ಗಾಲಿಗೆ ಪಕ್ಕಕ್ಕೆ ತಿರುಗುವ ಶಕ್ತಿ ಉಳಿಯುವುದಿಲ್ಲ. ಸ್ಟಿಯರಿಂಗನ್ನು ಎಷ್ಟೇ ತಿರುಗಿಸಿದರೂ ಕಾರು ನೇರವಾಗಿಯೇ ಸಾಗುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಒಣ ರಸ್ತೆಯಲ್ಲಿ ಘರ್ಷಣಾಂಕ 0.7 ಎಂದು ಹಿಡಿದರೆ, ಬ್ರೇಕ್ ಬಿದ್ದ ಬಳಿಕ ಅದು ನಿಲ್ಲಲು ಸುಮಾರು 20 ಮೀಟರ್ ಬೇಕು. ಒದ್ದೆ ರಸ್ತೆಯಲ್ಲಿ ಘರ್ಷಣಾಂಕ 0.4ಕ್ಕೆ ಇಳಿದರೆ ಸುಮಾರು 35 ಮೀಟರ್ ಬೇಕು. ಚಾಲಕನು ಅಪಾಯವನ್ನು ಕಂಡು ಕಾಲನ್ನು ಪೆಡಲಿಗೆ ತರುವ ಒಂದು ಸೆಕೆಂಡಿನಲ್ಲಿ ಇನ್ನೂ 16.7 ಮೀಟರ್ ಕಳೆದುಹೋಗಿರುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಈ ಲೆಕ್ಕವು ಕೇವಲ ಪುಸ್ತಕದ ಲೆಕ್ಕವಲ್ಲ.

ಎ.ಬಿ.ಎಸ್. ವ್ಯವಸ್ಥೆಯು ಗಾಲಿಯನ್ನು ಬಂಧಿತವಾಗಲು ಬಿಡದೆ, ಉರುಳುವಿಕೆ ಮತ್ತು ಜಾರುವಿಕೆಗಳ ನಡುವಿನ ಆ ಉತ್ತಮ ಸ್ಥಿತಿಯಲ್ಲಿ ಇರಿಸಲು ಪ್ರಯತ್ನಿಸುತ್ತದೆ. ಅದರ ಮುಖ್ಯ ಪ್ರಯೋಜನವು ಬ್ರೇಕ್ ಹಾಕುತ್ತಲೇ ಸ್ಟಿಯರಿಂಗನ್ನು ತಿರುಗಿಸಿ ಅಪಾಯದಿಂದ ಪಾರಾಗಲು ಸಾಧ್ಯವಾಗುವುದು. ಸಡಿಲವಾದ ಜಲ್ಲಿಯ ಮೇಲೆ ನಿಲ್ಲುವ ದೂರವು ಸ್ವಲ್ಪ ಹೆಚ್ಚಾಗುವುದೂ ಉಂಟು. ಆದುದರಿಂದ ಎ.ಬಿ.ಎಸ್. ಇದೆಯೆಂದು ಅತಿ ವೇಗದಲ್ಲಿ ಹೋಗುವುದು ಸರಿಯಲ್ಲ.

ಬೆಳೆದು ಬಂದ ಬಗೆ

ಈ ಕಲ್ಪನೆಯು ಮೊದಲು ಬಳಕೆಗೆ ಬಂದುದು ವಿಮಾನಗಳ ಚಕ್ರಗಳಲ್ಲಿ. 1950ರ ದಶಕದಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪೆನಿಯ ಮ್ಯಾಕ್ಸರೆಟ್ ಎಂಬ ಯಾಂತ್ರಿಕ ಸಾಧನವು ವಿಮಾನಗಳು ಒದ್ದೆ ಓಡುದಾರಿಯಲ್ಲಿ ಜಾರದಂತೆ ತಡೆಯುತ್ತಿತ್ತು. ನಾಲ್ಕೂ ಗಾಲಿಗಳನ್ನು ವಿದ್ಯುನ್ಮಾನದ ಮೂಲಕ ನಿಯಂತ್ರಿಸುವ ಇಂದಿನ ರೀತಿಯ ಎ.ಬಿ.ಎಸ್. 1978ರಲ್ಲಿ ಜರ್ಮನಿಯ ಬಾಷ್ ಕಂಪೆನಿಯಿಂದ ಮರ್ಸಿಡಿಸ್ ಬೆಂಜ್ ಕಾರಿಗೆ ಬಂದಿತು. ಬೆಂಗಳೂರಿನಲ್ಲಿ ಮೈಕೋ ಎಂಬ ಹೆಸರಿನಿಂದ ನಮ್ಮವರೆಲ್ಲರಿಗೆ ಪರಿಚಿತವಾಗಿದ್ದುದು ಇದೇ ಬಾಷ್ ಕಂಪೆನಿಯ ಭಾರತೀಯ ಶಾಖೆ. ನಾವು ಶಾಲೆಯಲ್ಲಿದ್ದಾಗ ಊರಿನಲ್ಲಿ ಕಾಣುತ್ತಿದ್ದ ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳಲ್ಲಿ ಇಂಥದೇನೂ ಇರಲಿಲ್ಲ. ನಮ್ಮ ದೇಶದಲ್ಲಿ 2018ರ ಎಪ್ರಿಲ್‌ನಿಂದ ಹೊಸ ಮಾದರಿಯ ಕಾರುಗಳಿಗೂ, 2019ರ ಎಪ್ರಿಲ್‌ನಿಂದ ತಯಾರಾಗುವ ಎಲ್ಲ ಕಾರುಗಳಿಗೂ ಎ.ಬಿ.ಎಸ್. ಕಡ್ಡಾಯವಾಯಿತು. ಹೀಗಾಗಿ ಇದು ಶ್ರೀಮಂತರ ಕಾರಿನ ವಿಷಯವಾಗಿ ಉಳಿದಿಲ್ಲ.

ಅಂಗಗಳು ಮತ್ತು ಅವುಗಳ ಕೆಲಸ

ಎ.ಬಿ.ಎಸ್. ವ್ಯವಸ್ಥೆಯಲ್ಲಿ ಮುಖ್ಯವಾಗಿ ಮೂರು ಅಂಗಗಳಿವೆ.

ಮೊದಲನೆಯದು ಗಾಲಿಯ ವೇಗವನ್ನು ಅಳೆಯುವ ಸಂವೇದಕ. ಗ್ಯಾರೇಜಿನ ಮಾತಿನಲ್ಲಿ ಸೆನ್ಸರ್. ಪ್ರತಿ ಗಾಲಿಗೂ ಒಂದೊಂದರಂತೆ ನಾಲ್ಕು ಇರುತ್ತವೆ. ಹಳೆಯ ಬಗೆಯ ಸೆನ್ಸರಿನಲ್ಲಿ ಒಂದು ಕಾಂತ ಮತ್ತು ತಂತಿಯ ಸುರುಳಿ ಇದ್ದು, ಅದರ ಮುಂದೆ ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಹಲ್ಲುಗಳುಳ್ಳ ಕಬ್ಬಿಣದ ಬಳೆಯೊಂದು ಗಾಲಿಯೊಡನೆ ತಿರುಗುತ್ತದೆ. ಪ್ರತಿಯೊಂದು ಹಲ್ಲು ಹಾದುಹೋದಾಗಲೂ ಸುರುಳಿಯಲ್ಲಿ ವಿದ್ಯುತ್ತಿನ ಒಂದು ಮಿಡಿತ ಹುಟ್ಟುತ್ತದೆ. ಬಳೆಗೆ 48 ಹಲ್ಲುಗಳಿವೆ, ಗಾಲಿಯ ಸುತ್ತಳತೆ 1.8 ಮೀಟರ್ ಎಂದುಕೊಂಡರೆ, ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 267 ಮಿಡಿತಗಳು ಬರುತ್ತವೆ. ವೇಗ ತೀರ ಕಡಿಮೆಯಾದಾಗ ಮಿಡಿತವೂ ಕ್ಷೀಣಿಸುತ್ತದೆ. ಮಾಸ್ತರರ ಮೇಜಿನ ಮೇಲೆ ಕಾಂತವು ನಿಂತಾಗ ಮುಳ್ಳು ನಿಂತಂತೆಯೇ ಇದು. ಹೊಸ ಬಗೆಯ ಸೆನ್ಸರುಗಳಲ್ಲಿ ಈ ಕೊರತೆಯಿಲ್ಲ. ಅವುಗಳಿಗೆ ಹೊರಗಿನಿಂದ ವಿದ್ಯುತ್ತನ್ನು ಪೂರೈಸಲಾಗುತ್ತದೆ. ಬೇರಿಂಗಿನ ಸೀಲಿನಲ್ಲಿರುವ ಕಾಂತದ ಬಳೆಯ ಉತ್ತರ ದಕ್ಷಿಣ ಧ್ರುವಗಳು ಹಾದುಹೋಗುವುದನ್ನು ಅವು ಗುರುತಿಸುತ್ತವೆ.

ಎರಡನೆಯದು ನಿಯಂತ್ರಕ ಪೆಟ್ಟಿಗೆ. ನಾಲ್ಕು ಗಾಲಿಗಳ ಮಿಡಿತಗಳನ್ನು ಅದು ಎಡೆಬಿಡದೆ ಹೋಲಿಸುತ್ತಿರುತ್ತದೆ. ಉಳಿದವುಗಳಿಗಿಂತ ಒಂದು ಗಾಲಿಯ ವೇಗವು ತಟ್ಟನೆ ಕುಸಿದರೆ, ಅದು ಬಂಧಿತವಾಗುತ್ತಿದೆಯೆಂದು ತೀರ್ಮಾನಿಸುತ್ತದೆ.

ಮೂರನೆಯದು ಬ್ರೇಕ್ ಎಣ್ಣೆಯ ಒತ್ತಡವನ್ನು ನಿಯಂತ್ರಿಸುವ ಘಟಕ. ಪ್ರತಿ ಗಾಲಿಗೂ ಎಣ್ಣೆ ಒಳಹೋಗಲು ಒಂದು ಕವಾಟ, ಹೊರಹೋಗಲು ಒಂದು ಕವಾಟ, ಮತ್ತು ಎಣ್ಣೆಯನ್ನು ಮರಳಿಸುವ ಒಂದು ಪಂಪು ಇದರಲ್ಲಿರುತ್ತವೆ. ಒತ್ತಡವನ್ನು ತಡೆಹಿಡಿಯುವುದು, ಇಳಿಸುವುದು, ಮತ್ತೆ ಏರಿಸುವುದು ಎಂಬ ಮೂರು ಕೆಲಸಗಳು ಸೆಕೆಂಡಿಗೆ ಹಲವು ಬಾರಿ ನಡೆಯುತ್ತವೆ. ಆಗ ಪೆಡಲು ಕಾಲಿನಡಿಯಲ್ಲಿ ನಡುಗುತ್ತದೆ. ಇದು ದೋಷವಲ್ಲ. ಹೆದರಿ ಕಾಲನ್ನು ತೆಗೆಯಬಾರದು.

ದೀಪದ ಅರ್ಥ

ಇಗ್ನಿಶನ್ ಕೀಲಿಯನ್ನು ತಿರುಗಿಸಿದೊಡನೆ ಎ.ಬಿ.ಎಸ್. ಎಂಬ ಹಳದಿ ದೀಪ ಕೆಲವು ಸೆಕೆಂಡುಗಳ ಕಾಲ ಉರಿದು ಆರಬೇಕು. ಇದು ವ್ಯವಸ್ಥೆಯು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ರಮ. ಈ ದೀಪದ ನಾಲ್ಕು ಸ್ಥಿತಿಗಳನ್ನು ಪ್ರತಿಯೊಬ್ಬ ಚಾಲಕನೂ ತಿಳಿದಿರಬೇಕು.

ಒಂದು, ಉರಿದು ಆರಿದರೆ ವ್ಯವಸ್ಥೆಗೆ ಯಾವ ದೋಷವೂ ಕಂಡಿಲ್ಲವೆಂದು ಅರ್ಥ. ಎರಡು, ಹಳದಿ ದೀಪ ಆರದೆ ಉಳಿದರೆ, ಅಥವಾ ಓಡುತ್ತಿರುವಾಗ ಹತ್ತಿಕೊಂಡರೆ ಎ.ಬಿ.ಎಸ್. ಕೆಲಸ ಮಾಡುತ್ತಿಲ್ಲ. ಸಾಮಾನ್ಯ ಬ್ರೇಕ್ ಇರುತ್ತದೆ, ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮೂರು, ಹಳದಿ ದೀಪದೊಡನೆ ಕೆಂಪು ಬ್ರೇಕ್ ದೀಪವೂ ಉರಿದರೆ ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಒತ್ತಡವನ್ನು ಹಂಚುವ ಏರ್ಪಾಡೂ ತಪ್ಪಿರಬಹುದು, ಅಥವಾ ಬ್ರೇಕ್ ಎಣ್ಣೆ ಕಡಿಮೆಯಾಗಿರಬಹುದು. ಆಗ ಕಾರನ್ನು ಓಡಿಸಬಾರದು. ನಾಲ್ಕು, ಕೀಲಿ ತಿರುಗಿಸಿದಾಗಲೂ ದೀಪ ಉರಿಯದಿದ್ದರೆ ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿಯಬಾರದು. ದೀಪವೇ ಕೆಟ್ಟಿದೆ, ಇಲ್ಲವೇ ಯಾರೋ ಅದನ್ನು ಕೆಡಿಸಿದ್ದಾರೆ. ಈ ನಾಲ್ಕನೆಯದರ ಬಗ್ಗೆ ಮುಂದೆ ಹೇಳಲಿದ್ದೇನೆ.

ಪತ್ತೆಯ ಕ್ರಮ

ನಾನು ಅನುಸರಿಸುವ, ನನ್ನಲ್ಲಿ ಕೆಲಸ ಕಲಿಯುವ ಹುಡುಗರಿಗೂ ಹೇಳಿಕೊಡುವ ಕ್ರಮವು ಹೀಗಿದೆ.

1. ಕೇಳುವುದು. ದೀಪ ಯಾವಾಗ ಹತ್ತಿತು? ಮಳೆಯಲ್ಲಿಯೋ, ತಿರುವಿನಲ್ಲಿಯೋ, ಗುಂಡಿಗೆ ಬಿದ್ದ ಬಳಿಕವೋ? ಇತ್ತೀಚೆಗೆ ಟಯರು, ಬೇರಿಂಗು, ಬ್ಯಾಟರಿಗಳನ್ನು ಬದಲಾಯಿಸಿದ್ದುಂಟೋ? ಕಾರಿನ ಯಜಮಾನನ ಮಾತಿನಲ್ಲಿ ಅರ್ಧ ಉತ್ತರವಿರುತ್ತದೆ.

2. ನೋಡುವುದು. ಬ್ರೇಕ್ ಎಣ್ಣೆಯ ಮಟ್ಟ, ಪ್ಯಾಡುಗಳ ಸವೆತ, ಫ್ಯೂಸು, ನಾಲ್ಕೂ ಟಯರುಗಳ ಅಳತೆ ಇವುಗಳನ್ನು ಪರಿಶೀಲಿಸಬೇಕು. ಒಂದು ಟಯರು ಬೇರೆ ಅಳತೆಯದಾದರೆ ಅದರ ಗಾಲಿ ಬೇರೆ ವೇಗದಲ್ಲಿ ತಿರುಗುತ್ತದೆ, ನಿಯಂತ್ರಕವು ಮೋಸಹೋಗುತ್ತದೆ. ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಬ್ಯಾಟರಿ ಕುಸಿದಾಗಲೂ ಎ.ಬಿ.ಎಸ್. ದೀಪ ಹತ್ತುವುದುಂಟು.

3. ಸಂಕೇತವನ್ನು ಓದುವುದು. ಡ್ಯಾಶ್‌ಬೋರ್ಡಿನ ಕೆಳಗಿರುವ ಹದಿನಾರು ಕಡ್ಡಿಗಳ ಕಿಂಡಿಗೆ ಸ್ಕ್ಯಾನರನ್ನು ಜೋಡಿಸಿದರೆ ನಿಯಂತ್ರಕವು ನೆನಪಿಟ್ಟುಕೊಂಡ ದೋಷ ಸಂಕೇತವು ದೊರೆಯುತ್ತದೆ. ಎಂಜಿನ್ ಸಂಕೇತಗಳು 'ಪಿ' ಅಕ್ಷರದಿಂದಲೂ, ಬ್ರೇಕ್ ಮೊದಲಾದವುಗಳ ಸಂಕೇತಗಳು 'ಸಿ' ಅಕ್ಷರದಿಂದಲೂ ಆರಂಭವಾಗುತ್ತವೆ. ಅಗ್ಗದ ಸ್ಕ್ಯಾನರುಗಳು ಅನೇಕ ವೇಳೆ ಎಂಜಿನ್ ಸಂಕೇತಗಳನ್ನು ಮಾತ್ರ ಓದುತ್ತವೆ. 'ದೋಷವಿಲ್ಲ' ಎಂದು ಅವು ತೋರಿಸಿದರೆ ನಂಬಬಾರದು. ಸಂಕೇತವನ್ನು ಮೊದಲು ಬರೆದಿಟ್ಟುಕೊಳ್ಳಬೇಕು, ಅಳಿಸುವುದು ಕೊನೆಗೆ.

4. ಓಡಿಸಿ ನೋಡುವುದು. ಗಂಟೆಗೆ 20ರಿಂದ 30 ಕಿಲೋಮೀಟರ್ ವೇಗದಲ್ಲಿ ಒಬ್ಬನು ಕಾರನ್ನು ಓಡಿಸುತ್ತಿರುವಾಗ ಮತ್ತೊಬ್ಬನು ಸ್ಕ್ಯಾನರಿನಲ್ಲಿ ನಾಲ್ಕು ಗಾಲಿಗಳ ವೇಗವನ್ನು ಗಮನಿಸಬೇಕು. ನೇರ ರಸ್ತೆಯಲ್ಲಿ ನಾಲ್ಕೂ ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ ಆಗಿರಬೇಕು.

5. ಅಳೆಯುವುದು. ಹಳೆಯ ಬಗೆಯ ಸೆನ್ಸರಿನ ರೋಧವು ಬಹುತೇಕ ಕಾರುಗಳಲ್ಲಿ 800ರಿಂದ 2000 ಓಮ್‌ಗಳ ನಡುವೆ ಇರುತ್ತದೆ. ಗಾಲಿಯನ್ನು ಕೈಯಿಂದ ತಿರುಗಿಸಿದಾಗ ಮೀಟರಿನಲ್ಲಿ ಪರ್ಯಾಯ ವಿದ್ಯುತ್ತು ಕಾಣಬೇಕು. ಹೊಸ ಬಗೆಯ ಸೆನ್ಸರಿಗೆ ಓಮ್ ಮೀಟರನ್ನು ಹಿಡಿಯಲೇಬಾರದು, ಅದು ಕೆಟ್ಟುಹೋಗಬಹುದು. ಅಲ್ಲಿ ಅಳೆಯಬೇಕಾದುದು ಪೂರೈಕೆಯ ವೋಲ್ಟೇಜನ್ನು. ಆ ಬಳಿಕ ಸೆನ್ಸರಿನಿಂದ ನಿಯಂತ್ರಕದವರೆಗಿನ ತಂತಿ ಮತ್ತು ಜೋಡಣೆಗಳನ್ನು ಅಲುಗಾಡಿಸುತ್ತ ಅಳೆಯಬೇಕು.

6. ಸರಿಪಡಿಸಿ ಸಾಧಿಸುವುದು. ದುರಸ್ತಿಯಾದ ಬಳಿಕ ಸಂಕೇತವನ್ನು ಅಳಿಸಿ, ಮತ್ತೆ ಓಡಿಸಿ, ಯಾವ ಸಂದರ್ಭದಲ್ಲಿ ದೀಪ ಹತ್ತಿತ್ತೋ ಅದೇ ಸಂದರ್ಭದಲ್ಲಿ ಅದು ಈಗ ಹತ್ತುವುದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇಷ್ಟಾಗದೆ ಕಾರನ್ನು ಹಿಂದಿರುಗಿಸಬಾರದು.

ನಾನು ಮಾಡಿದ ಒಂದು ತಪ್ಪು

ಈ ಆರು ಮೆಟ್ಟಿಲುಗಳನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರು ತಮ್ಮ ಹಳೆಯ ಕಾರನ್ನು ನನ್ನಲ್ಲಿಗೆ ತಂದರು. ಹಳದಿ ದೀಪ ಆಗಾಗ ಹತ್ತುತ್ತಿತ್ತು. ನಾನು ಸ್ಕ್ಯಾನರನ್ನು ಜೋಡಿಸಿದೆ. ಮುಂದಿನ ಎಡ ಗಾಲಿಯ ಸೆನ್ಸರ್ ಮಂಡಲದಲ್ಲಿ ದೋಷವಿದೆಯೆಂಬ ಸಂಕೇತ ಬಂದಿತು. ಅಂದು ಕೆಲಸ ಬಹಳವಿತ್ತು. ಏನನ್ನೂ ಅಳೆಯದೆ ಹೊಸ ಸೆನ್ಸರನ್ನು ಹಾಕಿ, ಸಂಕೇತವನ್ನು ಅಳಿಸಿ, ಹಣವನ್ನು ಪಡೆದು ಕಳುಹಿಸಿದೆ. ದೀಪ ಆರಿತ್ತು.

ಹನ್ನೆರಡು ದಿನಗಳ ಬಳಿಕ ದೀಪ ಮತ್ತೆ ಹತ್ತಿತು. ಅವರು ಪುನಃ ನನ್ನ ಬಳಿಗೆ ಬರಲಿಲ್ಲ. ಹೊಸ ಸೆನ್ಸರಿಗೆ ಕೊಟ್ಟ ಹಣ ನೀರಿನಲ್ಲಿ ಹೋಯಿತೆಂದು ಬೇಸರಗೊಂಡು, ಬೇರೆಲ್ಲಿಗೋ ಹೋದರು. ಅಲ್ಲಿ ಕಡಿಮೆ ಖರ್ಚಿನಲ್ಲಿ ದೀಪ ಆರಿತು. ಅವರು ಎಲ್ಲವೂ ಸರಿಯಾಯಿತೆಂದು ನಂಬಿದರು. ಜೂನ್ ತಿಂಗಳ ಮಳೆಯಲ್ಲಿ ಬದಿಯಡ್ಕ ರಸ್ತೆಯ ಒಂದು ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂದಾಗ ಅವರು ಬ್ರೇಕನ್ನು ಬಲವಾಗಿ ತುಳಿದರು. ಗಾಲಿಗಳು ಬಂಧಿತವಾದುವು. ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗದೆ ನೇರವಾಗಿ ಜಾರಿ ಚರಂಡಿಗೆ ಇಳಿಯಿತು. ಪಕ್ಕದಲ್ಲಿ ಕುಳಿತಿದ್ದ ಅವರ ಪತ್ನಿಯ ಮುಂಗೈ ಮೂಳೆ ಮುರಿಯಿತು. ಇನ್ನೇನೂ ಆಗಲಿಲ್ಲವೆಂಬುದು ದೈವಕೃಪೆ.

ಕಾರನ್ನು ಎಳೆದು ತಂದುದು ನನ್ನ ಗ್ಯಾರೇಜಿಗೆ. ಕೀಲಿಯನ್ನು ತಿರುಗಿಸಿದಾಗ ಹಳದಿ ದೀಪ ಉರಿಯಲೇ ಇಲ್ಲ. ಡ್ಯಾಶ್‌ಬೋರ್ಡನ್ನು ಬಿಚ್ಚಿ ನೋಡಿದಾಗ ಆ ದೀಪದ ಬಲ್ಬನ್ನೇ ತೆಗೆದಿರುವುದು ಕಂಡಿತು. ಸ್ಕ್ಯಾನರಿನಲ್ಲಿ ಮೊದಲಿನ ಅದೇ ಸಂಕೇತ. ಈ ಬಾರಿ ನಾನು ಮೀಟರನ್ನು ಹಿಡಿದು ಕುಳಿತೆ. ನಿಯಂತ್ರಕದ ತುದಿಯಿಂದ ಅಳೆದಾಗ ಸೆನ್ಸರಿನ ರೋಧ ಸರಿಯಾಗಿಯೇ ಇತ್ತು. ಹುಡುಗನೊಬ್ಬನಿಗೆ ಸ್ಟಿಯರಿಂಗನ್ನು ನಿಧಾನವಾಗಿ ತಿರುಗಿಸಲು ಹೇಳಿದೆ. ಬಲಕ್ಕೆ ಪೂರ್ತಿ ತಿರುಗಿದ ಕ್ಷಣದಲ್ಲಿ ಮಂಡಲ ಕಡಿದುಹೋಯಿತು. ಗಾಲಿಯ ಮೇಲಣ ಕಮಾನಿನೊಳಗೆ ಸೆನ್ಸರಿನ ತಂತಿಯು ಕಾರಿನ ತಂತಿಗೆ ಸೇರುವ ಜೋಡಣೆಯಿತ್ತು. ಕಾರಿನ ಕಡೆಯ ಕಡ್ಡಿಯು ನೀರು ಹೊಕ್ಕು ಹಸಿರುಗಟ್ಟಿ ಸಡಿಲವಾಗಿತ್ತು. ಸ್ಟಿಯರಿಂಗ್ ತಿರುಗಿದಾಗ ತಂತಿ ಎಳೆದು, ಸಂಪರ್ಕ ತಪ್ಪುತ್ತಿತ್ತು.

ಹಾಗಾದರೆ ಹನ್ನೆರಡು ದಿನ ದೀಪ ಏಕೆ ಆರಿತ್ತು? ಹೊಸ ಸೆನ್ಸರನ್ನು ಹಾಕುವಾಗ ಆ ಜೋಡಣೆಯನ್ನು ನಾನು ಕಿತ್ತು ಮತ್ತೆ ಒತ್ತಿದ್ದೆ. ಆ ಉಜ್ಜುವಿಕೆಯಿಂದ ಕಿಲುಬು ಸ್ವಲ್ಪ ಹೋಗಿ ಸಂಪರ್ಕ ತಾತ್ಕಾಲಿಕವಾಗಿ ಸರಿಯಾಗಿತ್ತು. ನಾನು ಗುಣಪಡಿಸಿದೆನೆಂದು ತಿಳಿದುದು ಆಕಸ್ಮಿಕವಾಗಿತ್ತು. ತೆಗೆದು ಎಸೆದ ಹಳೆಯ ಸೆನ್ಸರು ಬಹುಶಃ ಚೆನ್ನಾಗಿಯೇ ಇದ್ದಿರಬೇಕು.

ಎ.ಬಿ.ಎಸ್. ಕೆಲಸ ಮಾಡಿದ್ದರೆ ಆ ಅಪಘಾತ ಸಂಭವಿಸುತ್ತಲೇ ಇರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ತಿರುವಿನಲ್ಲಿ ಕಾರು ಸ್ಟಿಯರಿಂಗಿನ ಮಾತನ್ನು ಕೇಳುವ ಸಂಭವ ಹೆಚ್ಚಿತ್ತು ಎಂಬುದು ನಿಶ್ಚಯ. ಬಲ್ಬನ್ನು ತೆಗೆದವನ ತಪ್ಪು ದೊಡ್ಡದು. ಆದರೆ ಆ ಮನುಷ್ಯನನ್ನು ಅವನ ಬಾಗಿಲಿಗೆ ಕಳುಹಿಸಿದವನು ನಾನೇ. ಸೆನ್ಸರಿನ ಹಣವನ್ನು ಹಿಂದಿರುಗಿಸಿದೆ. ಅವರು ಬೇಡವೆಂದರೂ ಕೊಟ್ಟೆ. ಮುರಿದ ಮೂಳೆಗೆ ನಾನು ಏನನ್ನೂ ಕೊಡಲಾರದೆ ಹೋದೆ.

ಅಂದಿನಿಂದ ನಾನು ಹುಡುಗರಿಗೆ ಹೇಳುವ ಮಾತು ಒಂದೇ. ಸಂಕೇತವು ದೂರು ಎಲ್ಲಿಂದ ಬಂದಿದೆಯೆಂಬುದನ್ನು ಹೇಳುತ್ತದೆ, ತಪ್ಪು ಯಾರದೆಂಬುದನ್ನು ಹೇಳುವುದಿಲ್ಲ. ಎಡ ಗಾಲಿಯ ಮಂಡಲವೆಂದರೆ ಸೆನ್ಸರು, ಬಳೆ, ಬೇರಿಂಗು, ತಂತಿ, ಜೋಡಣೆ, ನಿಯಂತ್ರಕ ಇವೆಲ್ಲವೂ ಸೇರುತ್ತವೆ. ಅವುಗಳಲ್ಲಿ ಯಾವುದೆಂಬುದನ್ನು ಅಳತೆಯೇ ಹೇಳಬೇಕು.

ಸಂಕೇತವೇ ಇಲ್ಲದ ದೋಷ

ಕೆಲವು ದೋಷಗಳಲ್ಲಿ ದೀಪವೂ ಹತ್ತುವುದಿಲ್ಲ, ಸಂಕೇತವೂ ಬರುವುದಿಲ್ಲ. ಒಣ ರಸ್ತೆಯಲ್ಲಿ ಮೆಲ್ಲನೆ ಬ್ರೇಕ್ ಹಾಕಿ, ಇನ್ನೇನು ಕಾರು ನಿಲ್ಲಬೇಕು ಎನ್ನುವಾಗ ಪೆಡಲು ನಡುಗಿ ಕಾರು ಒಂದೆರಡು ಅಡಿ ಮುಂದೆ ಹೋಗುತ್ತದೆ. ಬೇಕಲದ ಸಮುದ್ರ ತೀರದಲ್ಲಿ ಮನೆಯಿರುವ ಒಬ್ಬರ ಕಾರು ಹೀಗೆ ತಮ್ಮದೇ ಗೇಟಿಗೆ ಹೋಗಿ ತಾಗಿತ್ತು. ಗಾಲಿಯನ್ನು ಎತ್ತಿ ಟಾರ್ಚ್ ಹಿಡಿದು ಬಳೆಯ ಹಲ್ಲುಗಳನ್ನು ಒಂದೊಂದಾಗಿ ಎಣಿಸುತ್ತ ತಿರುಗಿಸಿದೆವು. ಒಂದು ಕಡೆ ಬಳೆ ಬಿರುಕುಬಿಟ್ಟಿತ್ತು. ಉಪ್ಪುಗಾಳಿಯಿಂದ ಬಳೆಯ ಕೆಳಗೆ ತುಕ್ಕು ಬೆಳೆದು, ಉಬ್ಬಿ, ಅದನ್ನು ಸೀಳಿತ್ತು. ಬಿರುಕಿನಲ್ಲಿ ಎರಡು ಹಲ್ಲುಗಳ ಅಂತರ ಹೆಚ್ಚಾದುದರಿಂದ ಸುತ್ತಿಗೊಮ್ಮೆ ಮಿಡಿತ ತಡವಾಗಿ ಬರುತ್ತಿತ್ತು. ಗಾಲಿ ತಟ್ಟನೆ ನಿಧಾನವಾಯಿತೆಂದು ನಿಯಂತ್ರಕವು ತಿಳಿದು ಬ್ರೇಕಿನ ಒತ್ತಡವನ್ನು ಇಳಿಸುತ್ತಿತ್ತು. ಹೊಸ ಬೇರಿಂಗಿನ ವಿಷಯದಲ್ಲಿಯೂ ಎಚ್ಚರ ಬೇಕು. ಕಾಂತದ ಬಳೆಯಿರುವ ಮುಖವನ್ನು ತಿರುವುಮುರುವಾಗಿ ಹಾಕಿದರೆ ಸೆನ್ಸರಿಗೆ ಏನೂ ಕಾಣುವುದಿಲ್ಲ.

ನಮ್ಮ ಊರಿನ ಕಾರಣಗಳು

ಪ್ರತಿಯೊಂದು ಊರಿಗೂ ಅದರದೇ ಆದ ದೋಷಗಳಿರುತ್ತವೆ. ಮಂಜೇಶ್ವರ, ಕುಂಬಳೆ, ಬೇಕಲದಂತಹ ಕರಾವಳಿಯಲ್ಲಿ ತುಕ್ಕು ಮತ್ತು ಕಿಲುಬು ಮುಖ್ಯ ಕಾರಣಗಳು. ಒಳನಾಡಿನ ಕೆಂಪು ಮುರಮಣ್ಣಿನ ರಸ್ತೆಗಳಲ್ಲಿ ಕೆಸರು ಸೆನ್ಸರಿಗೆ ಅಂಟಿ ಗಟ್ಟಿಯಾಗುತ್ತದೆ. ಅಡಿಕೆ, ತೆಂಗಿನಕಾಯಿ ತುಂಬಿದ ಕೊಟ್ಟಿಗೆಯ ಬದಿಯಲ್ಲಿ ನಿಲ್ಲಿಸಿದ ಕಾರಿನ ತಂತಿಗಳನ್ನು ಮಳೆಗಾಲದಲ್ಲಿ ಇಲಿಗಳು ಕಡಿಯುತ್ತವೆ.

ಇನ್ನೊಂದು ಕಾರಣ ನಮ್ಮ ಜಿಲ್ಲೆಯ ಜೀವನಕ್ಕೆ ಸಂಬಂಧಿಸಿದುದು. ಗಲ್ಫಿನಲ್ಲಿ ದುಡಿಯುವವರ ಕಾರುಗಳು ಮನೆಯಂಗಳದಲ್ಲಿ ತಿಂಗಳುಗಟ್ಟಲೆ ನಿಂತಿರುತ್ತವೆ. ಬ್ಯಾಟರಿ ಸೊರಗುತ್ತದೆ, ಬ್ರೇಕ್ ಎಣ್ಣೆಯು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆಯು 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದೆಂಬುದು ನಿಯಮ. ತೇವ ಹೀರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ದರ್ಜೆಗೆ ಈ ಅಂಕೆಗಳು 230 ಮತ್ತು 155. ರಜೆಯಲ್ಲಿ ಬಂದವರು ಅದೇ ಎಣ್ಣೆಯಿಂದ ಮಡಿಕೇರಿಗೆ ಹೋಗಿ ಸಂಪಾಜೆ ಘಾಟಿಯನ್ನು ಇಳಿಯುವಾಗ ಬ್ರೇಕ್ ಬಿಸಿಯಾಗಿ ಎಣ್ಣೆಯಲ್ಲಿ ಆವಿಯೆದ್ದರೆ ಪೆಡಲು ನೆಲಕ್ಕಿಳಿಯುತ್ತದೆ. ತೇವದಿಂದ ಒತ್ತಡ ಘಟಕದ ಒಳಗಿನ ಕವಾಟಗಳೂ ತುಕ್ಕು ಹಿಡಿಯುತ್ತವೆ. ಅದನ್ನು ಬದಲಾಯಿಸುವ ಖರ್ಚಿನ ಮುಂದೆ ಎರಡು ವರ್ಷಗಳಿಗೊಮ್ಮೆ ಎಣ್ಣೆ ಬದಲಾಯಿಸುವ ಖರ್ಚು ಏನೇನೂ ಅಲ್ಲ.

ಓದುಗರಲ್ಲಿ ಒಂದು ವಿನಂತಿ

ವಾಹನದ ಯಜಮಾನರು ಮೂರು ಸಂಗತಿಗಳನ್ನು ಮರೆಯದಿರಲಿ. ಕೀಲಿಯನ್ನು ತಿರುಗಿಸಿದಾಗ ಹಳದಿ ದೀಪ ಉರಿದು ಆರುವುದೇ ಎಂದು ದಿನವೂ ಗಮನಿಸಿರಿ. ದುರಸ್ತಿಗೆ ಕೊಟ್ಟಾಗ 'ದೀಪ ಆರಿಸಿಕೊಡಿ' ಎಂದು ಹೇಳದೆ 'ದೋಷ ಏನೆಂದು ತೋರಿಸಿಕೊಡಿ' ಎಂದು ಕೇಳಿರಿ. ಅಳೆದು ನೋಡುವ ಕೆಲಸಕ್ಕೆ ಗ್ಯಾರೇಜಿನವನು ಕೂಲಿ ಕೇಳಿದರೆ ಕೊಡಿರಿ. ಅದು ಬೇಡದ ಸೆನ್ಸರಿನ ಬೆಲೆಗಿಂತ ಕಡಿಮೆಯಿರುತ್ತದೆ. ತಲಪಾಡಿಯಿಂದ ದಕ್ಷಿಣಕ್ಕೆ ಹೆದ್ದಾರಿ ಅಗಲವಾದಂತೆ ವೇಗವೂ ಹೆಚ್ಚಿದೆ. ಆದರೆ ಮಳೆ ಮೊದಲಿನಂತೆಯೇ ಇದೆ.

ಶಾಲೆಯ ಮಕ್ಕಳಿಗೂ ಒಂದು ಮಾತು. ಕನ್ನಡದಲ್ಲಿ ವಿಜ್ಞಾನ ಓದಿದರೆ ಮುಂದೆ ಕಷ್ಟವೆಂದು ನಮಗೆ ಅನೇಕರು ಹೇಳಿದ್ದರು. ಡಿಪ್ಲೊಮಾದ ಮೊದಲ ವರ್ಷದಲ್ಲಿ ಇಂಗ್ಲಿಷ್ ಶಬ್ದಗಳಿಗಾಗಿ ನಾನು ಕಷ್ಟಪಟ್ಟುದೂ ನಿಜ. ಆದರೆ ಶಬ್ದಗಳು ಮಾತ್ರ ಹೊಸದಾಗಿದ್ದುವು. ಮುಳ್ಳು ಏಕೆ ಓಲುತ್ತದೆಯೆಂಬುದು ನನಗೆ ಗೊತ್ತಿತ್ತು. ಇಂದು ನನ್ನಲ್ಲಿ ಕೆಲಸ ಕಲಿಯುವ ಹುಡುಗರಲ್ಲಿ ತುಳು, ಮಲಯಾಳ, ಕನ್ನಡ ಮಾತನಾಡುವವರು ಇದ್ದಾರೆ. ಸೆನ್ಸರೆಂದರೇನೆಂದು ಅವರು ಕೇಳಿದಾಗ, ನಾನು ಹಳೆಯ ಸುರುಳಿಯೊಂದನ್ನು ಮೀಟರಿಗೆ ಜೋಡಿಸಿ, ಒಡೆದ ಸ್ಪೀಕರಿನ ಕಾಂತವೊಂದನ್ನು ಅದರ ಬಳಿ ಆಡಿಸಿ ತೋರಿಸುತ್ತೇನೆ. ಅದು ನನ್ನ ಪಾಠವಲ್ಲ, ನಮ್ಮ ಮಾಸ್ತರರದು.

ಮುಂಗೈ ಮುರಿದಿದ್ದ ಆ ತಾಯಿ ಈಗ ಗುಣಹೊಂದಿದ್ದಾರೆ. ಅವರ ಕಾರು ಇಂದಿಗೂ ನನ್ನ ಗ್ಯಾರೇಜಿಗೇ ಬರುತ್ತದೆ. ಬಂದಾಗಲೆಲ್ಲ ನಾನು ಮೊದಲು ಕೀಲಿಯನ್ನು ತಿರುಗಿಸಿ, ಹಳದಿ ದೀಪ ಉರಿದು ಆರುವವರೆಗೆ ಕಾಯುತ್ತೇನೆ.